ಒಂದೇ ಹುಣಸೆಮರ, ಎರಡು ಫಸಲು

ಶಿವರಾತ್ರಿಯಿಂದ ಯುಗಾದಿವರೆಗೆ ನಮ್ಮ ಕಡೆ ಹುಣಸೆಹಣ್ಣು ಬಡಿಯುವ ಕಾಲ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಅದೇ ಹೊತ್ತಿಗೆ ಮರದ ತುಂಬ ಗೂಡು, ಗೂಡಿನ ತುಂಬ ಮರಿ. ಹಣ್ಣು ಬಡಿದರೆ ಮರಿ ಉದುರುತ್ತವೆ, ಬಿಟ್ಟರೆ ಹಣ್ಣು ನಷ್ಟ. ಈ ತೊಡಕನ್ನು ಆ ಊರಿನವರು ಸಂಭಾಳಿಸಿದ ರೀತಿಯಿಂದ ನಮ್ಮಂಥ ಬೆದ್ದಲು ರೈತರು ಕಲಿಯೋದು ಇದೆ.

ಗೂಡು ಕಟ್ಟೋದು ಮುಖ್ಯವಾಗಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ. ಡಿಸೆಂಬರ್ ಸುಮಾರಿಗೆ ಬರುತ್ತವೆ, ಮಳೆಗಾಲ ಹಿಡಿಯುವಷ್ಟರಲ್ಲಿ ಮರಿ ಹಾರಿಸಿಕೊಂಡು ಹೋಗುತ್ತವೆ. ಹೆಜ್ಜಾರ್ಲೆಗೆ ಕಾವು ಸುಮಾರು ಒಂದು ತಿಂಗಳು. ಮರಿಯ ರೆಕ್ಕೆ ಬಲಿಯಲು ಮತ್ತೆ ಮೂರು ತಿಂಗಳಿಗೂ ಮೇಲೆ ಬೇಕು. ಅಲ್ಲೀತನಕ ಶಿಂಷಾ ಹೊಳೆ, ಸುತ್ತಿನ ಕೆರೆಗಳಿಂದ ಮೀನು ತಂದು ಸಾಕಬೇಕು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅಂತ ಊರವರ ಭಾವನೆ.

ಭಾವನೆ ಜೊತೆಗೆ ಲೆಕ್ಕವೂ ಇದೆ. ಮರದಡಿ ಗುಂಡಿ ತೆಗೆದು ಹಿಕ್ಕೆ ಹಿಡಿದು, ಕೆರೆಗೋಡು ಬೆರೆಸಿ ಗೊಬ್ಬರ ಮಾಡೋದು ಅಲ್ಲಿನ ಹಳೇ ಪದ್ಧತಿ. ಮೀನು ತಿನ್ನೋ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಜಾಸ್ತಿ. ಹಸಿಯಾಗಿ ಹಾಕಿದರೆ ಪೈರು ಸುಟ್ಟೀತು. ಗೋಡು, ತರಗೆಲೆ ಸೇರಿಸಿ ಕಳಿಸಿ, ಮುಂಗಾರಿಗೆ ರಾಗಿ ಹೊಲಕ್ಕೆ ಹೊಡೆಯಬೇಕು.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ಗೂಡಿಗಾಗಿ ಹಣ್ಣು ಬಿಟ್ಟುಕೊಟ್ಟ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಆಮೇಲೆ ಬಂತು. 2007ರಲ್ಲಿ ಇದು ಸಮುದಾಯ ಮೀಸಲು ಆಯಿತು. ಆದರೂ ಸಂತೆಯಲ್ಲಿ ಹುಣಸೆಗೆ ರೇಟು ಏರಿದಾಗ ಒಡೆಯನಿಗೆ ಆಸೆ ಆಗೋದು ಸಹಜ. ಮರಗಳೂ ಮುದಿಯಾಗುತ್ತವೆ, ಹಿಕ್ಕೆ ಹೆಚ್ಚಾದರೆ ರೆಂಬೆ ಒಣಗುತ್ತವೆ. ಹುಣಸೆ ಗಿಡ ನೆಟ್ಟು, ಅದು ಗೂಡು ಹೊರುವಷ್ಟಾಗಲು ಒಂದು ತಲೆಮಾರೇ ಬೇಕು.

ಅದಕ್ಕೇ ಮರ ಬೀಳೋ ಮುಂಚೆಯೇ ಇನ್ನೊಂದು ನೆಡಬೇಕು. ಆಲ, ಬಸರಿ ಆದರೆ ತೋಳುದಪ್ಪದ ಗೂಟವನ್ನು ಮಳೆ ಶುರುವಲ್ಲಿ ನೆಟ್ಟರೂ ಚಿಗುರುತ್ತದೆ. ಹೊಳೆದಂಡೆಗೆ ಅತ್ತಿ, ಹೊಂಗೆ ಒಳ್ಳೇದು. ನೀರು ನಿಲ್ಲುವ ಕೆರೆ ಅಂಗಳಕ್ಕೆ ಕರಿಜಾಲಿ. ಅದರ ಕಾಯಿ ಆಡು-ಕುರಿಗೆ ಮೇವು, ಮರ ನೇಗಿಲಿಗೆ. ದಂಡೆಯ ಲಕ್ಕಿ ಗಿಡ ಕೀಳಬೇಡಿ, ಮಣ್ಣು ಹಿಡಿಯುತ್ತದೆ. ಕೆರೆ ಹೂಳೆತ್ತುವಾಗ ಮಧ್ಯದ ಮರಗಳ ಬುಡ ಬಿಟ್ಟು ತೆಗೆಯಿರಿ. ಯಾವ ಮರದಲ್ಲೇ ಆಗಲಿ, ರೆಂಬೆ ಕಡಿಯೋ ಮುಂಚೆ ಒಮ್ಮೆ ತಲೆಯೆತ್ತಿ ಗೂಡು ನೋಡಿ.