ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕರುಳು

ನಮ್ಮ ಕರುಳಿನ ಒಳಪದರ ಒಂದೇ ಸಾಲು ಜೀವಕೋಶಗಳದ್ದು. ಅಕ್ಕಪಕ್ಕದ ಕೋಶಗಳನ್ನು ಬಿಗಿಯಾಗಿ ಬೆಸೆಯುವುದು ಕ್ಲಾಡಿನ್, ಆಕ್ಲುಡಿನ್ ಎಂಬ ಪ್ರೋಟೀನ್‌ಗಳು. ಟೈಲ್ಸ್ ಸಂದಿಗೆ ತುಂಬುವ ಬಿಳಿ ಸಿಮೆಂಟ್ ಇದ್ದಂತೆ. ಆದರೆ ಇದು ಜೀವಂತ: ನೀರು, ಲವಣವನ್ನು ಅಳೆದು ಬಿಡುತ್ತದೆ, ರೋಗಾಣುವನ್ನು ತಡೆಯುತ್ತದೆ.

ಏಳು ತಿಂಗಳಿಗೇ ಹುಟ್ಟಿದ ಮಗುವಿನಲ್ಲಿ ಈ ಬೆಸುಗೆ ಇನ್ನೂ ಬಲಿತಿರುವುದಿಲ್ಲ. ಬ್ಯಾಕ್ಟೀರಿಯಾ ಒಳನುಗ್ಗಿ ಕರುಳು ಕೊಳೆಯುವ ಎನ್‌ಇಸಿ ಕಾಯಿಲೆ ಬಂದರೆ ಜೀವಕ್ಕೇ ಅಪಾಯ. ಪುಡಿಹಾಲು ಕುಡಿದ ಇಂಥ ಮಕ್ಕಳಲ್ಲಿ ಅದು ಹೆಚ್ಚು. ತಾಯಿಹಾಲು, ಅದರಲ್ಲೂ ಮೊದಲ ದಿನಗಳ ಹಳದಿ ಹಾಲು, ಬೆಸುಗೆ ಬಲಿಯಲು ನೆರವಾಗುತ್ತದೆ. ಅದನ್ನು ಹಿಂಡಿ ಚೆಲ್ಲಬೇಡಿ. ಜೇನು ನೆಕ್ಕಿಸುವುದೂ ಬೇಡ, ಅಜ್ಜಿಗೆ ಬೇಸರವಾದರೂ ಸರಿ!

ತಾಯಿಗೆ ಹಾಲು ಸಾಲದಿದ್ದರೆ? ನಮ್ಮ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ತೆರೆದರು. ಇಂಥ ಬ್ಯಾಂಕುಗಳಲ್ಲಿ ದಾನದ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುತ್ತಾರೆ. ಆಗ ಕೆಲವು ರಕ್ಷಕ ಅಂಶಗಳು ಕಡಿಮೆಯಾಗುತ್ತವೆ. ಹಾಗಾಗಿ ಹೆತ್ತವಳ ಹಾಲಿಗೇ ಮೊದಲ ಸ್ಥಾನ, ದಾನದ್ದು ಎರಡನೆಯದು.

ಮಗುವಿನ ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಆ ಕ್ಷಣವೇ ಡಾಕ್ಟರಿಗೆ ತಿಳಿಸಿ.