ಸಕ್ಕರೆ ಡಬ್ಬಕ್ಕೂ ಒಂದು ಲೆಕ್ಕ ಇರಲಿ

ಗೊಬ್ಬರ ಎಷ್ಟು ಚೀಲ ತಂದೆವು, ಎಕರೆಗೆ ಎಷ್ಟು ಬಿತ್ತು ಅಂತ ಬರೆದಿಡುತ್ತೇವೆ. ಮನೆಗೆ ಬಂದ ಸಕ್ಕರೆ ಎಷ್ಟು ಅಂತ ಕೇಳಿದರೆ ಯಾರಿಗೂ ಗೊತ್ತಿರಲ್ಲ. ನಮ್ಮ ಕಡೆ ಹೊಲ ಮಾಡೋರಲ್ಲೂ ಸಕ್ಕರೆ ಕಾಯಿಲೆ ಹೆಚ್ಚಾಗಿದೆ. ಅದಕ್ಕೇ ಈ ಲೆಕ್ಕ.

"ದುಡಿಯೋ ಮೈಗೆ ಸಕ್ಕರೆ ಏನೂ ಮಾಡಲ್ಲ" ಅಂತಾರೆ. ಇದು ಅರ್ಧ ನಿಜ. ತಿಂದ ಸಕ್ಕರೆಯನ್ನು ದುಡಿಯುವ ಸ್ನಾಯು ಸುಡುತ್ತೆ. ಆದರೆ ನಮ್ಮದು ಮಳೆ ನಂಬಿದ ಬೇಸಾಯ. ಮುಂಗಾರಿನಿಂದ ಸುಗ್ಗಿವರೆಗೆ ದುಡಿಮೆ, ಆಮೇಲೆ ಕಟ್ಟೆ ಮೇಲೆ ಕೂರೋದು. ಈಗ ಉಳುಮೆಗೆ ಟ್ರ್ಯಾಕ್ಟರ್, ಹೊಲಕ್ಕೆ ಹೋಗಲು ಬೈಕು. ದುಡಿಮೆ ಇಳಿಯಿತು, ಟೀ ಮಾತ್ರ ಇಳಿಯಲಿಲ್ಲ.

ಹೆಚ್ಚಾದದ್ದು ಎಲ್ಲಿಗೆ ಹೋಗುತ್ತೆ?

ಕೃಷಿಹೊಂಡ ತುಂಬಿದ ಮೇಲೆ ನೀರು ಕೋಡಿ ಬೀಳುತ್ತಲ್ಲ, ಹಾಗೇ ಇದು. ಸ್ನಾಯುವಿನಲ್ಲೂ ಪಿತ್ತಜನಕಾಂಗದಲ್ಲೂ (ಲಿವರ್) ಸಕ್ಕರೆ ಕೂಡಿಡಲು ಮಿತಿ ಇದೆ. ಮಿತಿ ದಾಟಿದ್ದು ಕೊಬ್ಬಾಗುತ್ತೆ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸಿನ ಬಹುಭಾಗ ಲಿವರಿಗೇ ಹೋಗುತ್ತೆ. ಅಲ್ಲಿ ಕೊಬ್ಬು ಕೂತರೆ ಇನ್ಸುಲಿನ್ ಹೇಳಿದ ಮಾತನ್ನು ಮೈ ಸರಿಯಾಗಿ ಕೇಳಲ್ಲ. ಆಗ ರಕ್ತದಲ್ಲಿ ಸಕ್ಕರೆ ಏರುತ್ತೆ.

ಸಕ್ಕರೆ ಒಂದೇ ಕಾರಣ ಅಲ್ಲ. ವಂಶ, ಹೊಟ್ಟೆ ಬೊಜ್ಜು, ಕೂತಿರೋದು, ಮೂರು ಹೊತ್ತೂ ಅನ್ನ, ಇವೂ ಸೇರುತ್ತವೆ. ಸಕ್ಕರೆ ಮುಟ್ಟದವರಿಗೂ ಕಾಯಿಲೆ ಬರಬಹುದು. ಆದರೆ ಇದರಲ್ಲಿ ಸುಲಭವಾಗಿ ನಮ್ಮ ಕೈಲಿರೋದು ಸಕ್ಕರೆ ಡಬ್ಬ.

ಲೆಕ್ಕ ಹೀಗೆ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮಿತಿ ಹೇಳಿದೆ. ಸಾಧಾರಣ ಊಟ ಮಾಡುವ ದೊಡ್ಡವರಿಗೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಒಳ್ಳೇದು. ಒಂದು ಟೀ ಚಮಚ ಅಂದರೆ ಸುಮಾರು 5 ಗ್ರಾಂ. ಎರಡು ಚಮಚ ಹಾಕಿದ ಟೀ ದಿನಕ್ಕೆ ಆರು ಕುಡಿದರೆ ಅದೇ 60 ಗ್ರಾಂ.

ನಮ್ಮದು ಐದು ಜನರ ಮನೆ. ಪೊಟ್ಟಣ ಒಡೆದ ದಿನ ಕ್ಯಾಲೆಂಡರಿನಲ್ಲಿ ಬರೆದೆವು. ತಿಂಗಳಿಗೆ ಸಕ್ಕರೆ 6 ಕಿಲೋ, ಬೆಲ್ಲ 2 ಕಿಲೋ ಖರ್ಚಾಯಿತು. 8 ಕಿಲೋವನ್ನು ಐದು ಜನ, 30 ದಿನಕ್ಕೆ ಹಂಚಿದರೆ ತಲೆಗೆ 53 ಗ್ರಾಂ. ಅಂಗಡಿ ಬಿಸ್ಕತ್ತು, ತಂಪು ಪಾನೀಯ ಬೇರೆ. 25 ಗ್ರಾಂ ಲೆಕ್ಕಕ್ಕೆ ಐದು ಜನರಿಗೆ ತಿಂಗಳಿಗೆ 3 ಕಿಲೋ 750 ಗ್ರಾಂ ಸಾಕು.

ಬೆಲ್ಲವನ್ನೂ ಯಾಕೆ ಸೇರಿಸಿದೆ ಅಂತ ಕೇಳಬಹುದು. ಬೆಲ್ಲದಲ್ಲಿ ಒಂದಿಷ್ಟು ಖನಿಜ ಇದೆ ನಿಜ, ಆದರೆ ಅದರ ಬಹುಭಾಗ ಸಕ್ಕರೆಯೇ. ಜೇನು, ಕಬ್ಬಿನ ಹಾಲು, ಹಣ್ಣಿನ ರಸವೂ ಈ ಲೆಕ್ಕಕ್ಕೆ ಬರುತ್ತವೆ. ಇಡೀ ಹಣ್ಣು ಬರಲ್ಲ.

ಇಳಿಸುವ ದಾರಿ

ಒಮ್ಮೆಲೇ ಬಿಟ್ಟರೆ ನಾಲಿಗೆ ಒಪ್ಪಲ್ಲ. 15 ದಿನಕ್ಕೊಮ್ಮೆ ಅರ್ಧ ಚಮಚ ಇಳಿಸಿ. ಆಳುಗಳಿಗೆ ಟೀ ಒಯ್ಯುವಾಗ ಸಕ್ಕರೆ ಬೇರೆ ಇಟ್ಟು, ಬೇಕಾದವರು ಹಾಕ್ಕೊಳ್ಳಲಿ. ಮಧ್ಯಾಹ್ನದ ಟೀ ಬದಲು ಮಜ್ಜಿಗೆ, ರಾಗಿ ಅಂಬಲಿ ಆಗುತ್ತೆ. ಬೇಸಿಗೆಯಲ್ಲಿ ಹೊಲಕ್ಕೆ ನಡೆದೇ ಹೋಗಿ ಬನ್ನಿ.

ಈ ಕಾಯಿಲೆ ವರ್ಷಗಟ್ಟಲೆ ಸುಳಿವು ಕೊಡದೆ ಇರಬಹುದು. ಕೊನೆಗೆ ಪಾದ ಜೋಮು ಹಿಡಿದರೆ ಜಾಲಿ ಮುಳ್ಳು ಚುಚ್ಚಿದ್ದೂ ತಿಳಿಯಲ್ಲ, ಗಾಯ ಮಾಯಲ್ಲ. ಕಾಲೇ ಹೋದರೆ ಬೇಸಾಯ ಎಲ್ಲಿಂದ? 30 ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ತೋರಿಸಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡ್ತಾರೆ.

ಒಂದು ಎಚ್ಚರಿಕೆ. ಸಕ್ಕರೆ ಬಿಟ್ಟೆ ಅಂತ ಮಾತ್ರೆ ನಿಲ್ಲಿಸಬೇಡಿ. ಮಾತ್ರೆ, ಇನ್ಸುಲಿನ್ ತಗೊಳ್ಳುವವರಿಗೆ ಹೊಲದಲ್ಲಿ ಬೆವರು, ನಡುಕ ಬಂದರೆ ಅದು ಸಕ್ಕರೆ ಇಳಿದದ್ದಿರಬಹುದು. ಆಗ ಮೂರು ಚಮಚ ಸಕ್ಕರೆ ಕೂಡಲೇ ಕೊಡಬೇಕು. ಅಂಥವರ ಜೇಬಿನಲ್ಲಿ ಒಂದು ಪೊಟ್ಟಣ ಇರಲಿ.

ನಿಮ್ಮ ಮನೆಯಲ್ಲಿ ತಲೆಗೆ ಎಷ್ಟು ಗ್ರಾಂ ಬಂತು? ಒಂದು ತಿಂಗಳು ಬರೆದಿಟ್ಟು ಪತ್ರಿಕೆಗೆ ತಿಳಿಸಿ.