ಕತ್ತರಿ ಬ್ಯಾಟರಿಯಲ್ಲಿ ಸೈಕಲ್ ಓಡುತ್ತಾ? ಓಡುತ್ತೆ, ಆದ್ರೆ ಲೆಕ್ಕ ಗೊತ್ತಿರಲಿ



ಹೋದ ವಾರ ಪಕ್ಕದ ಹೊಲದ ಹುಡುಗ ಬಂದು ಕೇಳಿದ: "ಅಣ್ಣಾ, ನನ್ನ ಬ್ಯಾಟರಿ ಸೈಕಲ್‌ದು ಬ್ಯಾಟರಿ ಸತ್ತೈತಿ. ಹೊಸಾದು ತರಾಕ ರೊಕ್ಕ ಭಾಳ ಬೇಕು. ಗಿಡ ಸವರೋ ಕತ್ತರಿದು ಎರಡು ಬ್ಯಾಟರಿ ಸುಮ್ನ ಬಿದ್ದಾವು. ಅವನ್ನ ಹಾಕಿ ಓಡಿಸ್ಲೇನು?"

ನಾನೂ ಇದೇ ಪ್ರಯೋಗ ಮಾಡಿ ಒಂದು ಬ್ಯಾಟರಿ ಕಳ್ಕೊಂಡವನು. ಹಾಗಾಗಿ ಈ ವಾರದ ಪಾಠ ಅದೇ.

ಮೊದಲು ಲೇಬಲ್ ಓದೋದು ಕಲಿಯಿರಿ

ಕತ್ತರಿ, ಡ್ರಿಲ್, ಸಣ್ಣ ಮರ ಕೊಯ್ಯುವ ಗರಗಸ, ಇವುಗಳ ಬ್ಯಾಟರಿ ಬಿಚ್ಚಿದರೆ ಒಳಗೆ ಬೆರಳುದ್ದದ ಲಿಥಿಯಂ ಸೆಲ್‌ಗಳಿರುತ್ತವೆ. ಒಂದು ಸೆಲ್ ಸುಮಾರು 3.6 ವೋಲ್ಟ್. ಪೂರ್ತಿ ಚಾರ್ಜ್ ಆದಾಗ 4.2. ಐದು ಸೆಲ್ ಸಾಲಾಗಿ ಜೋಡಿಸಿದರೆ 18 ವೋಲ್ಟ್, ತುಂಬಿದಾಗ 21. ಅಂದ್ರೆ ಅಂಗಡಿಯಲ್ಲಿ ಕಾಣುವ 18, 20, 21 ವೋಲ್ಟ್ ಬ್ಯಾಟರಿಗಳೆಲ್ಲ ಒಂದೇ ಜಾತಿ. ಅಗ್ಗದ ಕೆಲವು ಬ್ಯಾಟರಿಗಳ ಮೇಲೆ 48, 88 ಅಂತ ದೊಡ್ಡ ಅಂಕಿ ಇರುತ್ತೆ. ನಂಬಬೇಡಿ, ಮಲ್ಟಿಮೀಟರ್ ಹಿಡಿದು ನೋಡಿ.

ಎಎಚ್ ಅಂಕಿಯಲ್ಲೂ ಮೋಸ ಇದೆ. 18650 ಅಳತೆಯ ಸೆಲ್‌ನಲ್ಲಿ ಸಾಮಾನ್ಯವಾಗಿ 2ರಿಂದ 3.5 ಎಎಚ್ ಅಷ್ಟೇ ಹಿಡಿಯೋದು. ಇಂಥ ಐದೇ ಸೆಲ್ ಇರುವ ಬ್ಯಾಟರಿ 6 ಎಎಚ್ ಆಗೋಕೆ ಸಾಧ್ಯವಿಲ್ಲ. ತೂಕ ಹಾಕಿದ್ರೂ ಗೊತ್ತಾಗುತ್ತೆ. ಒಂದು ಸೆಲ್ 45-48 ಗ್ರಾಂ. ಹತ್ತು ಸೆಲ್ ಇರುವ ಬ್ಯಾಟರಿ ಡಬ್ಬಿ ಬಿಟ್ಟು ಸೆಲ್‌ಗಳಿಂದಲೇ ಸುಮಾರು ಅರ್ಧ ಕೆಜಿ ತೂಗಬೇಕು.

ಎಷ್ಟು ದೂರ ಹೋಗುತ್ತೆ?

ವೋಲ್ಟನ್ನು ಎಎಚ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತೆ. ಬಾವಿಯಲ್ಲಿ ಎಷ್ಟು ನೀರಿದೆ ಅನ್ನೋ ಲೆಕ್ಕ ಇದು.

18 ವೋಲ್ಟ್ × 4 ಎಎಚ್ = 72 ವ್ಯಾಟ್-ಅವರ್.
ಇಂಥವು ಎರಡು ಸೇರಿದರೆ 144 ವ್ಯಾಟ್-ಅವರ್.

ಪೂರ್ತಿ ಹಿಂಡಬಾರದು, 125ರಷ್ಟು ಬಳಸಬಹುದು ಅಂದ್ಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಪೆಡಲ್ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 10-12 ವ್ಯಾಟ್-ಅವರ್ ಬೇಕು. ಅಂದ್ರೆ 10-12 ಕಿ.ಮೀ. ತುಳಿಯದೆ, ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು, ಬರೀ ಆಕ್ಸಿಲರೇಟರ್ ತಿರುವಿದರೆ 6-7 ಕಿ.ಮೀ.ಗೇ ಮುಗಿಯಿತು. ಸೈಕಲ್ಲಿನ ಮೂಲ ಬ್ಯಾಟರಿ 36 ವೋಲ್ಟ್, 7.5 ಎಎಚ್ ಅಂದ್ರೂ 270 ವ್ಯಾಟ್-ಅವರ್. ನಿಮ್ಮ ಜೋಡಿ ಅದರ ಅರ್ಧ ಅಷ್ಟೇ.

ಕರೆಂಟ್ ಎಳೆಯೋ ವಿಷಯದಲ್ಲಿ ಮಾತ್ರ ಈ ಬ್ಯಾಟರಿಗಳು ಗಟ್ಟಿ. 250 ವ್ಯಾಟ್ ಮೋಟರ್ 36 ವೋಲ್ಟಿನಲ್ಲಿ 7 ಆಂಪಿಯರ್ ಎಳೆಯುತ್ತೆ, ದಿಬ್ಬ ಹತ್ತುವಾಗ 15ರ ತನಕ ಹೋಗಬಹುದು. ಒಳ್ಳೆ ಕಂಪನಿಯ ಹತ್ತು ಸೆಲ್ ಬ್ಯಾಟರಿಗೆ ಇದು ಭಾರವಲ್ಲ.

ಜೋಡಣೆ ಹೇಗೆ?

ಎರಡು 18 ವೋಲ್ಟ್ ಬ್ಯಾಟರಿಯನ್ನು ಸೀರೀಸ್‌ನಲ್ಲಿ ಜೋಡಿಸಿದರೆ 36 ವೋಲ್ಟ್. ತುಂಬಿದಾಗ 42. ಇದು 36 ವೋಲ್ಟ್ ಕಂಟ್ರೋಲರಿಗೆ ಸರಿಯಾಗಿ ಹೊಂದುತ್ತೆ. ನಿಮ್ಮ ಸೈಕಲ್ 24 ವೋಲ್ಟಿನದಾದರೆ ಈ ಉಪಾಯ ಬಿಡಿ. ಒಂದು ಬ್ಯಾಟರಿ ಸಾಲೋದಿಲ್ಲ, ಎರಡು ಹಾಕಿದರೆ ಕಂಟ್ರೋಲರ್ ಸುಟ್ಟೀತು.

ಮೊದಲನೆಯದರ ಪ್ಲಸ್ಸಿನಿಂದ ಎರಡನೆಯದರ ಮೈನಸ್ಸಿಗೆ ಒಂದು ತಂತಿ. ಉಳಿದ ಎರಡು ತುದಿ ಕಂಟ್ರೋಲರಿಗೆ. ಬ್ಯಾಟರಿ ಬಿಚ್ಚಿ ಬೆಸುಗೆ ಹಾಕಬೇಡಿ. ನಿಮ್ಮ ಬ್ಯಾಟರಿಗೆ ಹೊಂದುವ ಅಡಾಪ್ಟರ್ ತಟ್ಟೆ ತಂದು, 2.5 ಚದರ ಮಿ.ಮೀ. ತಾಮ್ರದ ತಂತಿ ಬಳಸಿ. ಬ್ಯಾಟರಿ ಹತ್ತಿರವೇ 20 ಆಂಪಿಯರ್ ಫ್ಯೂಸ್ ಇರಲೇಬೇಕು. ಕಾರಿನ ಸಾಮಾನ್ಯ ಬ್ಲೇಡ್ ಫ್ಯೂಸ್ 32 ವೋಲ್ಟಿಗೆ ಮಾತ್ರ. ನಮಗೆ ಬೇಕಾದ್ದು 58 ವೋಲ್ಟ್ ಡಿಸಿ ಅಥವಾ ಹೆಚ್ಚಿನದು. ಕಚ್ಚಾ ರಸ್ತೆಯ ಕುಲುಕಾಟಕ್ಕೆ ಬ್ಯಾಟರಿ ಕಳಚದ ಹಾಗೆ ಬೆಲ್ಟ್ ಬಿಗಿಯಿರಿ.

ನಾನು ಮಾಡಿದ ತಪ್ಪು

ನನ್ನ ಹತ್ರ ಇದ್ದಿದ್ದು ಒಂದು ಹೊಸ ಬ್ಯಾಟರಿ, ಒಂದು ಮೂರು ವರ್ಷ ಹಳೇದು. ಎರಡೂ 4 ಎಎಚ್ ತಾನೆ ಅಂತ ಜೋಡಿಸಿ ಸಂತೆಗೆ ಹೋದೆ. ಬರುವಾಗ ಊರ ಮುಂದಿನ ಏರಿನಲ್ಲಿ ಸೈಕಲ್ ಏದುಸಿರು ಬಿಡ್ತು, ಆದ್ರೂ ತಿರುವಿಕೊಂಡೇ ಬಂದೆ. ಮನೇಲಿ ಮೀಟರ್ ಹಿಡಿದರೆ ಹೊಸದರಲ್ಲಿ 19.4 ವೋಲ್ಟ್, ಹಳೆಯದರಲ್ಲಿ 12.3!

ಯಾಕೆ ಹೀಗಾಯ್ತು? ಡ್ರಿಲ್‌ನಲ್ಲೋ ಕತ್ತರಿಯಲ್ಲೋ ಬ್ಯಾಟರಿ ಕಮ್ಮಿಯಾದಾಗ ನಿಲ್ಲಿಸೋದು ಎಷ್ಟೋ ಸಲ ಆ ಯಂತ್ರವೇ, ಬ್ಯಾಟರಿ ಅಲ್ಲ. ನಾವು ಪ್ಲಸ್ಸು ಮೈನಸ್ಸು ಮಾತ್ರ ಎಳೆದುಕೊಂಡಾಗ ಆ ಕಾವಲು ತಪ್ಪಿ ಹೋಗುತ್ತೆ. ಸೈಕಲ್ಲಿನ ಕಂಟ್ರೋಲರ್ ನೋಡೋದು ಒಟ್ಟು ವೋಲ್ಟ್ ಮಾತ್ರ, ಸುಮಾರು 30-31ಕ್ಕೆ ಬಂದಾಗ ನಿಲ್ಲಿಸುತ್ತೆ. ಎರಡರಲ್ಲಿ ಒಂದು ಸಾಯ್ತಾ ಇದ್ದರೆ ಅದಕ್ಕೆ ತಿಳಿಯೋದಿಲ್ಲ. ಎತ್ತಿನ ಜೋಡಿಯಲ್ಲಿ ಒಂದು ಮುದಿಯಾದರೆ ಏನಾಗುತ್ತೋ ಅದೇ ಕಥೆ.

ಹಳೆ ಬ್ಯಾಟರಿಯನ್ನು ಚಾರ್ಜರ್ ಒಪ್ಪಲಿಲ್ಲ, ಕೆಂಪು ದೀಪ ಮಿಣುಕಿತು. ಮಾರನೇ ದಿನ ಪೇರಲ ಗಿಡ ಸವರಬೇಕಿತ್ತು. ಒಂದೇ ಬ್ಯಾಟರಿಯಲ್ಲಿ ಮಧ್ಯಾಹ್ನಕ್ಕೇ ಕೆಲಸ ನಿಂತು, ಆಳುಗಳಿಗೆ ಪೂರ್ತಿ ಕೂಲಿ ಕೊಟ್ಟು ಕಳಿಸಿದೆ. ಸಂತೆ ಪೆಟ್ರೋಲ್ ಉಳಿಸೋಕೆ ಹೋಗಿ ಒಂದು ಬ್ಯಾಟರಿ, ಅರ್ಧ ದಿನದ ಕೂಲಿ ಎರಡೂ ಹೋಯ್ತು.

ಈ ಐದು ಮಾತು ಮೀರಬೇಡಿ

1. ಜೋಡಿ ಅಂದ್ರೆ ಜೋಡಿಯೇ. ಒಂದೇ ಕಂಪನಿ, ಒಂದೇ ಎಎಚ್, ಒಟ್ಟಿಗೆ ಕೊಂಡದ್ದು, ಎರಡೂ ಪೂರ್ತಿ ಚಾರ್ಜ್ ಆದದ್ದು.

2. ಪ್ರತಿ ಬ್ಯಾಟರಿಗೂ ಬೇರೆ ಬೇರೆ ಚಿಕ್ಕ ವೋಲ್ಟ್‌ಮೀಟರ್ ಹಾಕಿ. ಯಾವುದೇ ಒಂದು 16 ವೋಲ್ಟಿಗೆ ಇಳಿದರೂ ಮೋಟರ್ ಬಂದ್ ಮಾಡಿ ತುಳಿದುಕೊಂಡು ಬನ್ನಿ.

3. ದೂರ ಹೆಚ್ಚಿಸೋಕೆ ಅಂತ ತುಂಬಿದ ಬ್ಯಾಟರಿಗೆ ಖಾಲಿ ಬ್ಯಾಟರಿಯನ್ನು ಪ್ಯಾರಲಲ್ ಆಗಿ ಸೇರಿಸಬೇಡಿ. ತುಂಬಿದ್ದರಿಂದ ಖಾಲಿಗೆ ಒಮ್ಮೆಲೇ ಕರೆಂಟ್ ನುಗ್ಗಿ ತಂತಿ, ಸೆಲ್ ಎರಡೂ ಕಾಯುತ್ತವೆ.

4. ಸೈಕಲ್ ಮೇಲೆಯೇ 42 ವೋಲ್ಟ್ ಚಾರ್ಜರ್ ಚುಚ್ಚಬೇಡಿ. ಕಳಚಿ, ಅದರದ್ದೇ ಚಾರ್ಜರ್‌ನಲ್ಲಿ ಒಂದೊಂದಾಗಿ ಹಾಕಿ. ಓಡಿಸಿ ಬಂದ ತಕ್ಷಣ ಬೇಡ, ಅರ್ಧ ಗಂಟೆ ಆರಲಿ. ಬೇಸಿಗೆಯಲ್ಲಿ ತಗಡಿನ ಶೆಡ್ ಒಳಗೆ ಚಾರ್ಜ್ ಬೇಡ. 45 ಡಿಗ್ರಿ ದಾಟಿದರೆ ಸೆಲ್‌ಗೆ ಒಳ್ಳೆಯದಲ್ಲ.

5. ಮೇವು, ಅಡಿಕೆ ಸಿಪ್ಪೆ, ಚೀಲ ಇರುವಲ್ಲಿ ಚಾರ್ಜ್ ಮಾಡ್ಬೇಡಿ, ರಾತ್ರಿ ಇಟ್ಟು ಮಲಗಬೇಡಿ. ಉಬ್ಬಿದ, ಬಿದ್ದು ಒಡೆದ, ತೀರಾ ಇಳಿದ ಬ್ಯಾಟರಿಯನ್ನು ಬೇರೆ ಚಾರ್ಜರ್ ಹಾಕಿ "ಎಬ್ಬಿಸೋಕೆ" ಹೋಗಬೇಡಿ. ಬೆಂಕಿ ಹತ್ತುವುದೇ ಹೀಗೆ.

ಸತ್ತ ಬ್ಯಾಟರಿ ತಿಪ್ಪೆಗೆ ಬೇಡ. ಅದೇ ಗೊಬ್ಬರ ನಾಳೆ ಹೊಲಕ್ಕೆ ಹೋಗುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ಸಂಗ್ರಹದ ಹೊಣೆ ತಯಾರಕರದ್ದು. ಟರ್ಮಿನಲ್‌ಗೆ ಟೇಪ್ ಸುತ್ತಿ ಮಾರಾಟಗಾರರಿಗೇ ಒಪ್ಪಿಸಿ.

ಹಾಗಾದ್ರೆ ಮಾಡಬೇಕಾ, ಬೇಡವಾ?

ಮನೆಯಿಂದ ತೋಟಕ್ಕೆ ಎರಡು ಮೂರು ಕಿ.ಮೀ. ಇದ್ದು, ಒಳ್ಳೆ ಜೋಡಿ ಬ್ಯಾಟರಿ ಇದ್ದರೆ ಧಾರಾಳವಾಗಿ ಮಾಡಿ. ತೋಟ ತಲುಪಿದ ಮೇಲೆ ಅದೇ ಬ್ಯಾಟರಿ ಕತ್ತರಿಗೆ ಹಾಕ್ಕೋಬಹುದು. ದಿನಾ ಹಾಲಿನ ಡೇರಿಗೆ 15 ಕಿ.ಮೀ. ಓಡಾಟ ಇದ್ದರೆ ಬೇಡ. ಬಿಎಂಎಸ್ ಇರುವ ಸರಿಯಾದ ಸೈಕಲ್ ಬ್ಯಾಟರಿಯನ್ನೇ ಕೊಳ್ಳಿ. ಸವರುವ ಕಾಲದಲ್ಲಂತೂ ಬ್ಯಾಟರಿ ಮೊದಲು ಕತ್ತರಿಗೆ, ಆಮೇಲೆ ಸೈಕಲ್ಲಿಗೆ.

ಈ ವಾರದ ಕೆಲಸ ಇಷ್ಟೇ: ನಿಮ್ಮ ಎರಡೂ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆ ಬಿಟ್ಟು ವೋಲ್ಟ್ ಅಳೆದು ಬರೆದಿಡಿ. ಮಾರನೇ ದಿನ ಮತ್ತೆ ಅಳೆಯಿರಿ. ಎರಡೂ 20.5ಕ್ಕಿಂತ ಮೇಲಿದ್ದು, ನಡುವಿನ ವ್ಯತ್ಯಾಸ 0.2ರೊಳಗೆ ಇದ್ದರೆ ಮಾತ್ರ ಮುಂದಿನ ಹೆಜ್ಜೆ ಇಡಿ. ಇಲ್ಲಾಂದ್ರೆ ಕತ್ತರಿಗೇ ಇರಲಿ. ಪಕ್ಕದ ಹೊಲದ ಹುಡುಗನಿಗೂ ಇದನ್ನೇ ಹೇಳಿ ಕಳಿಸಿದ್ದೀನಿ.